ಕಂಬಕ್ಕೆ ಬಡಿದ ಚೆಂಡು

“ನೀಲಗಂಗಾ ಒಪ್ಪಿದವಗೇ ಆಕಿನ್ನ ಕೊಡ್ತೀನಿ ಅವ್ವಾ,” ಎಂದು ದೌಲಪ್ಪ ಸಾಯುವ ತಾಯಿಯ ಕೈ ಹಿಡಿದು ಮಾತು ಕೊಟ್ಟಿದ್ದ. ಆಗ ತಂಗಿ ಇನ್ನೂ ಲಂಗದ ಹುಡುಗಿ. ಅವಳು ಒಪ್ಪುವವನು ಎದುರಾಳಿ ತಂಡದ ಗೋಲ್‌ಕೀಪರ್ ಆಗಿರುತ್ತಾನೆಂದು, ಪಾಪ, ಅವನಿಗೇನು ಗೊತ್ತು!

ಗುಲ್ಬರ್ಗಾದ ಕಲ್ಯಾಣಪ್ಪ ಹೆಣ್ಣು ಕೇಳಲು ಕಮಲಾಪುರಕ್ಕೆ ಬಂದ ದಿನವೇ ಸರಿಯಿರಲಿಲ್ಲ. ಹಿಂದಿನ ಸಂಜೆಯಷ್ಟೇ ನಿಜಾಮರ ಹುಟ್ಟುಹಬ್ಬದ ಪಂದ್ಯದಲ್ಲಿ ಗುಲ್ಬರ್ಗಾದ ಎದುರು ಕಮಲಾಪುರ ಸೋತಿತ್ತು. ಕಮಲಾಪುರದ ಭೀಮಶಾ ಒದ್ದ ಚೆಂಡು ಗೋಲಿನ ಕಂಬಕ್ಕೆ ಬಡಿದು ತಿರುಗಿ ಬಂತು. ಎಲ್ಲರಿಗಿಂತ ಮುಂದೆ ನಿಂತಿದ್ದ ದೌಲಪ್ಪ ಅದನ್ನು ಒಳಗೆ ಹೊಡೆದ. ರೆಫ್ರಿ ಸಲಾವುದ್ದೀನ್ ಸಾಹೇಬರು ಸೀಟಿ ಊದಿಬಿಟ್ಟರು: ಆಫ್‌ಸೈಡ್!

ಆಗಿನ ನಿಯಮದಲ್ಲಿ, ಕಂಬದಿಂದ ಬಂದ ಚೆಂಡಾದರೆ ಆಫ್‌ಸೈಡ್. ಗೋಲ್‌ಕೀಪರ್ ಕಲ್ಯಾಣಪ್ಪನ ಕೈಗೆ ಸೋಕಿ ಬಂದಿದ್ದರೆ ಗೋಲು.

“ಬೆರಳಿಗಿ ಸೋಕಿತ್ತು ಅನ್ನು. ಈಗಿಂದೀಗ ಮದವಿ ನಿಶ್ಚಯದ ಸಕ್ರಿ ಹಂಚಸ್ತೀನಿ,” ಎಂದ ದೌಲಪ್ಪ.

“ಸೋಕಿಲ್ಲ, ದೌಲಪ್ಪಣ್ಣ.”

“ಹಂಗಾದ್ರ ಎದ್ದು ನಡಿ.”

ಒಳಬಾಗಿಲ ಹಿಂದೆ ನೀಲಗಂಗಾ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಹೋದ ಚಳಿಗಾಲ ಬಾಳೆತೋಟಕ್ಕೆ ಬಿದ್ದ ಚೆಂಡು ಕೇಳಲು ಬಂದ ಕಲ್ಯಾಣಪ್ಪ, ಚೆಂಡು ಮರೆತು ಅವಳನ್ನೇ ನೋಡುತ್ತ ನಿಂತಿದ್ದ. ಅವತ್ತಿನಿಂದ ಅವಳ ಹಂಚಿನ ಮೇಲಿನ ರೊಟ್ಟಿ ಸೀಯುತ್ತಲೇ ಇತ್ತು.

ಕಲ್ಯಾಣಪ್ಪ ಎದ್ದ. ದೌಲಪ್ಪನಿಗೆ ತಡೆಯಲಾಗಲಿಲ್ಲ. “ನಿಂದ್ರು! ತೋರಿಸೇ ಬಿಡ್ತೀನಿ!”

ತಲೆಯ ರುಮಾಲು ಬಿಚ್ಚಿ ಉಂಡೆ ಕಟ್ಟಿದ. ಪಡಸಾಲೆಯ ಕಂಬಗಳೇ ಗೋಲಾದವು. “ನೀಲಾ, ಹೊರಗ ಬಾ! ನಾ ನಿಂತಿದ್ದಲ್ಲಿ ನೀ ನಿಂದ್ರು.”

ಅವನ ಹೆಂಡತಿ ಅನ್ನಮ್ಮ ಬಾಯಿಗೆ ಸೆರಗಿಟ್ಟಳು. “ಹೆಣ್ಣು ತೋರಿಸೋ ಶಾಸ್ತ್ರನೇ ಆಗಿಲ್ಲ, ಗಂಡಿನ ಮಗ್ಗಲಾಗ ನಿಂದ್ರಸ್ತೀರಲ್ರೀ!”

“ಸುಮ್ಕಿರು, ಇದು ಫುಟ್‌ಬಾಲ್!”

ನೀಲಗಂಗಾ ಬಂದು ನಿಂತಳು. ಗೋಲಿನಲ್ಲಿ ನಿಂತ ಕಲ್ಯಾಣಪ್ಪನ ಹುಬ್ಬಿನ ಮೇಲೆ ನಿನ್ನೆಯ ಗೀರು ಇನ್ನೂ ಹಸಿಯಾಗಿತ್ತು. ಬೆರಳು ಅತ್ತ ಹೋಗದಂತೆ ಅವಳು ಸೆರಗಿನ ತುದಿ ಹಿಂಡಿದಳು.

“ಸೋಕಿತ್ತು ಅಂದುಬಿಡ್ರೀ,” ಪಿಸುಗುಟ್ಟಿದಳು.

“ಸುಳ್ಳು ಹೇಳಿ ಕರಕೊಂಡು ಹೋದ್ರ, ದಿನಾ ನಿಮ್ಮ ಮಾರಿ ಹ್ಯಾಂಗ ನೋಡ್ಲಿ?”

“ನೋಡಾಕ ನಾ ಬಂದ್ರ ತಾನೇ!”

ಅವನು ನಕ್ಕುಬಿಟ್ಟ. ಅವಳ ಸಿಟ್ಟು ಅರ್ಧಕ್ಕೇ ಕರಗಿತು.

ದೌಲಪ್ಪ ಒದ್ದ ಉಂಡೆ ಕಂಬಕ್ಕೆ ಬಡಿದು ಅವಳ ಪಾದದ ಹತ್ತಿರ ಬಿತ್ತು. “ಒದಿ! ಗೋಲು ಹೌದಲ್ಲೋ?”

ಅವಳು ಒದೆಯಲಿಲ್ಲ. “ಅಣ್ಣಾ, ಭೀಮಶಾ ಒದ್ದಾಗ ನೀ ಇಲ್ಲೇ ಇದ್ದಿ. ಮುಂದ ಇವರೊಬ್ಬರೇ. ಇವರ ಕೈಗಿ ಸೋಕಿಲ್ಲ ಅಂದ್ರ ಆಫ್‌ಸೈಡೇ.”

“ನೀನೂ ಗುಲ್ಬರ್ಗಾದಾಕಿ ಆದ್ಯಾ?”

“ಮದವಿ ಮಾಡಿದ್ರ ಆಗ್ತೀನಿ.” ಅವಳ ಕಣ್ಣು ಕೆಳಗಿಳಿಯಲಿಲ್ಲ. “ನನಗ ಇವರು ಒಪ್ಪಿಗಿ ಆಗ್ಯಾರ.”

ದೌಲಪ್ಪ ಉಂಡೆ ಬಿಚ್ಚಿ, ಧೂಳು ಕೊಡವಿ, ಬಹಳ ಹೊತ್ತು ರುಮಾಲು ಸುತ್ತಿಕೊಂಡ. ಆಮೇಲೆ ಯಾರ ಮುಖವನ್ನೂ ನೋಡದೆ, “ಅನ್ನಮ್ಮಾ, ಸಕ್ರಿ ತಾ,” ಎಂದ.

ಅದು ಆಫ್‌ಸೈಡ್ ಎಂದು ಅವನು ಕೊನೆಗೂ ಒಪ್ಪಲಿಲ್ಲ. ಅವ್ವನಿಗೆ ಕೊಟ್ಟ ಮಾತು ನಡೆಸಿದ.