ಪೂಜೆಯ ದಿನ ಕಾಣೆಯಾದ ಕಟಿಂಗ್ ಮಷಿನ್

ಅಕ್ಟೋಬರ್ 3, ಶುಕ್ರವಾರ. ಬೆಳಿಗ್ಗೆ ಹೊರಮಾವಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಎಚ್‌ಆರ್ ಮ್ಯಾನೇಜರ್ ಪ್ರಿಯದರ್ಶಿನಿ ದೂರು ಹಿಡಿದು ಠಾಣೆಗೆ ಬಂದರು. ಆಯುಧಪೂಜೆಯ ದಿನ ಬಟ್ಟೆ ಕತ್ತರಿಸುವ ಮಷಿನ್ ಒಂದು ಕಳುವಾಗಿತ್ತು. ಇನ್‌ಸ್ಪೆಕ್ಟರ್ ಮುನಿವೆಂಕಟಪ್ಪ ದಸರಾ ಬಂದೋಬಸ್ತಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡಿದ್ದರು. ಎಫ್‌ಐಆರ್ ಹಾಕಿಸಿ, ಕಾನ್‌ಸ್ಟೆಬಲ್ ಅಕ್ತರ್‌ನನ್ನು ಕರೆದುಕೊಂಡು ಹೊರಟರು.

ಕಟಿಂಗ್ ಹಾಲಿನಲ್ಲಿ ಹೊಸ ಮಷಿನ್‌ಗಳೆಲ್ಲ ಚೆಂಡುಹೂ ಮುಡಿದು ಹಾಗೇ ಇದ್ದವು. ಹೋಗಿದ್ದು ಮೂಲೆಯಲ್ಲಿ ಬಿದ್ದಿದ್ದ ಹಳೆಯದು.

"ಗುಜರಿಯೋನೂ ಮುಟ್ಟದ್ದನ್ನ ಯಾಕ್ರೀ ಕದೀತಾನೆ? ಅದ್ರಲ್ಲಿ ಯಾರು ಕೆಲಸ ಮಾಡ್ತಿದ್ರು?" ಎಂದರು ಮುನಿವೆಂಕಟಪ್ಪ.

"ಸಾಯಬಣ್ಣ ಅಂತ ಕಟಿಂಗ್ ಮಾಸ್ಟರ್," ಎಂದರು ಪ್ರಿಯದರ್ಶಿನಿ. "ಯೂನಿಯನ್ ಅಂತ ಓಡಾಡ್ತಿದ್ದ, ತೆಗೆದ್ವಿ. ಲೇಬರ್ ಕೋರ್ಟಿಂದ ಆರ್ಡರ್ ತಂದು ವಾಪಸ್ ಸೇರ್ಕೊಂಡ."

"ಈಗ ಯಾವ ಮಷಿನ್ ಮೇಲಿದ್ದಾನೆ?"

"ಮಷಿನ್ ಕೊಟ್ಟಿಲ್ಲ ಸಾರ್. ಗೇಟ್ ಹತ್ರ ಸ್ಟೂಲ್ ಮೇಲೆ ಕೂರ್ತಾನೆ. ಸಂಬಳ ಕರೆಕ್ಟಾಗಿ ಹಾಕ್ತೀವಿ. ಆರ್ಡರ್ ಪಾಲಿಸಿದಂಗೇ ಅಂತ ಲಾಯರ್ ಹೇಳಿದಾರೆ."

"ಯಾವಾಗಿಂದ?"

"ಯುಗಾದಿಯಿಂದ."

"ಯುಗಾದಿಯಿಂದ ದಸರಾವರೆಗೆ ಗೇಟಲ್ಲಿ ಕೂರಿಸಿದ್ದೀರಾ? ಒಂದಿನ ನೀವು ಕೂತ್ಕೊಳ್ಳಿ ಮೇಡಂ, ನೋಡೋಣ."

ಇವತ್ತು ಸ್ಟೂಲು ಖಾಲಿ ಇತ್ತು. ಸೆಕ್ಯುರಿಟಿ ಭೀಮು ತಡವರಿಸಿದ. "ಪೂಜೆ ಆದ್ಮೇಲೆ ಮಿಕ್ಕಿದ ಬೂದಗುಂಬಳ ಬೇಕಾದೋರು ಒಯ್ಯೋದು ಪದ್ಧತಿ ಸಾರ್. ಅವತ್ತು ಚೀಲ ಬಿಚ್ಚಿಸಲ್ಲ. ಸಾಯಬಣ್ಣ ಗೋಣಿಚೀಲ ಹೊತ್ಕೊಂಡು ಏದುಸಿರು ಬಿಡ್ತಾ ಬಂದ. 'ಊರಿಗೆಲ್ಲ ಮಜ್ಜಿಗೆಹುಳಿ ಮಾಡಿಸ್ತೀಯೇನಪ್ಪಾ' ಅಂತ ನಾನೇ ರೇಗಿಸ್ದೆ."

ಮಧ್ಯಾಹ್ನ ಶೀಟಿನ ಸೂರಿನ ಬಾಡಿಗೆ ಕೋಣೆಯ ಬಾಗಿಲು ತೆರೆದವಳು ಸಾಯಬಣ್ಣನ ಹೆಂಡತಿ ಸುಭದ್ರಮ್ಮ. ಒಳಗೆ ದೇವರ ಪಟಗಳ ಕೆಳಗೆ ಮಷಿನ್ ಇತ್ತು. ಎಣ್ಣೆ ಹಾಕಿ ಒರೆಸಿದ ಬ್ಲೇಡು, ಮೂರು ಬೆರಳಿನ ವಿಭೂತಿ, ನಿಂಬೆಹಣ್ಣು.

"ಕದ್ದಿದ್ದಲ್ರಿ ಸಾಹೇಬ್ರ," ಎಂದ ಪಕ್ಕದಲ್ಲೇ ಕೂತಿದ್ದ ಸಾಯಬಣ್ಣ. "ಪೂಜಿಗೆ ತಂದೀನ್ರಿ. ಹಬ್ಬ ಮುಗಿಯೂತನಕ ಕದಲಸಬಾರ್ದಲ್ರಿ. ಇವತ್ತ ಸಂಜಿಗೆ ಒಯ್ದು ಇಡಾಂವ ಇದ್ದೆ."

"ಹೇಳ್ದೆ ತಂದ್ರೆ ಅದು ಕಳ್ತನಾನೇ ಕಣಯ್ಯ!"

"ನಾ ಬ್ಯಾಡ ಅಂತ ಬಡ್ಕೊಂಡೆ ರೀ," ಸುಭದ್ರಮ್ಮ ಗೋಡೆಗೆ ಒರಗಿದಳು. "ಕೋರ್ಟಿಗೆ ಅಡ್ಡಾಡಿ ಗಳಿಸಿದ ನೌಕರಿ, ಇದೊಂದರಾಗ ಹೋಗ್ತದ ಅಂತ."

ಮನೆ ಮಾಲೀಕನನ್ನೂ ಪಕ್ಕದ ಮನೆಯವನನ್ನೂ ಪಂಚರಾಗಿ ಕರೆದು ಪಂಚನಾಮೆ ಮಾಡಿದರು. ಮಷಿನ್ ಜಪ್ತಿಯಾಯಿತು, ಸಾಯಬಣ್ಣನನ್ನು ಬಂಧಿಸಿ ಠಾಣೆಗೆ ಕರೆತಂದರು.

ಪ್ರಿಯದರ್ಶಿನಿ ಠಾಣೆಯಲ್ಲೇ ಕಾಯುತ್ತಿದ್ದರು. "ಎಫ್‌ಐಆರ್ ಕಾಪಿ ಕೊಡಿ ಸಾರ್. ಈಗ ತೆಗೆದ್ರೆ ಯಾವ ಕೋರ್ಟೂ ವಾಪಸ್ ಕಳ್ಸಲ್ಲ."

ಮುನಿವೆಂಕಟಪ್ಪ ಸಾಯಬಣ್ಣನತ್ತ ತಿರುಗಿದರು. "ಆರು ತಿಂಗಳು ಬಾಯಿ ಮುಚ್ಕೊಂಡು ಕೂತಿದ್ದೆ. ಅವತ್ತೇನಾಯ್ತು?"

"ಎಲ್ಲಾರೂ ತಮ್ ತಮ್ ಮಷಿನ್‌ಗೆ ಕುಂಕುಮ ಹಚ್ಚಾಕತ್ತಿದ್ರು. ನಾನೂ ಹ್ವಾದೆ. ಸೂಪರ್‌ವೈಸರ್ ಬಸು, 'ನಿನ್ನ ಆಯುಧ ಗೇಟಿನ್ಯಾಗ ಐತಲ್ಲೋ, ಆ ಸ್ಟೂಲಿಗೆ ಹಚ್ಚು ಹೋಗು' ಅಂದ್ರಿ. ನನ್ನ ಕೈಯಾಗ ಕೆಲಸ ಕಲತ ಹುಡುಗೂರೂ ನಕ್ರು."

ಅಕ್ತರ್ ಬಂಧನ ಪತ್ರ ತೆಗೆದ. ಹೆಸರು, ವಯಸ್ಸು ಬರೆದು "ಉದ್ಯೋಗ?" ಎಂದ.

"ಇನ್ನೇನು ಕೆಲಸದಿಂದ ತೆಗೀತೀವಲ್ಲ," ಎಂದರು ಪ್ರಿಯದರ್ಶಿನಿ.

"ಇನ್ನೂ ತೆಗೆದಿಲ್ವಲ್ಲ!" ಮುನಿವೆಂಕಟಪ್ಪ ಮೇಜು ಗುದ್ದಿದರು. "ಕಟಿಂಗ್ ಮಾಸ್ಟರ್ ಅಂತ ಬರಿಯೋ ಅಕ್ತರ್."

ಸಾಯಬಣ್ಣ ಅದನ್ನು ಎರಡು ಸಲ ಓದಿ ಸಹಿ ಹಾಕಿದ.