ಹೆಸರು ಹೇಳಿದರೆ ಬರುವ ಮೃಗ

"ಟೂಕನ್" ಎಂದಳು ಬೊಮ್ಮಿ.

ಹೇಳಿ ಮುಗಿಸುವಷ್ಟರಲ್ಲಿ ಕರಿಹಲಗೆಯ ಮೇಲ್ತುದಿಯಲ್ಲಿ ಬೆಳಕು ಕದಡಿತು. ಮೈಗಿಂತ ಕೊಕ್ಕೇ ದೊಡ್ಡದೇನೋ ಅನ್ನಿಸುವ ಹಕ್ಕಿಯೊಂದು ರೆಕ್ಕೆ ಕೊಡವಿಕೊಂಡು ಅಲ್ಲಿ ಕುಳಿತಿತು. ಕೋಣೆಯ ತುಂಬ ಒದ್ದೆ ಎಲೆಯ ವಾಸನೆ ಹರಡಿತು. ಏಳು ಮಕ್ಕಳೂ ಹೋ ಎಂದು ಕೂಗಿದರು. ಹಿಂದಿನ ಬೆಂಚಿನಲ್ಲಿದ್ದ ಡಾ. ಕಾತ್ಯಾಯಿನಿ ಹನ್ನೊಂದು ವರ್ಷದ ದುಡಿಮೆ ಸಾರ್ಥಕವಾಯಿತೆಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅವರು ಕಂಡುಹಿಡಿದ ಆ ಯಂತ್ರದ ಹೆಸರು ನುಡಿಮೂರ್ತಿ. ನೋಡಲು ಗೋಡೆಗೆ ಹೊಡೆದ ಊಟದ ಡಬ್ಬಿಯಂತಿತ್ತು. ಅದರೊಳಗೆ ಮೂರು ಅಂಗಗಳು. ಮಗು ಇಂಗ್ಲಿಷ್ ಪದವನ್ನು ಸರಿಯಾಗಿ ಉಚ್ಚರಿಸಿತೇ ಎಂದು ತೂಗಿ ನೋಡುವುದು ಧ್ವನಿತಕ್ಕಡಿ. ಸರಿಯಾಗಿದ್ದರೆ ಗಾಳಿಯಲ್ಲೇ ಪ್ರಾಣಿಯ ರೂಪವನ್ನು ಕಡೆಯುವುದು ಬೆಳಕುಳಿ. ಆ ಪ್ರಾಣಿಯ ಕಾಡಿನ ವಾಸನೆಯನ್ನು ಹೊರಬಿಡುವುದು ಗಂಧಕೋಶ. ಬಾಯಿಪಾಠ ಮಾಡಿದ ಪದ ಎಂಟು ದಿನದಲ್ಲಿ ಮರೆತುಹೋಗುತ್ತದೆ, ಆದರೆ ಕರೆದೊಡನೆ ಎದುರಿಗೆ ಬಂದು ಕುಳಿತ ಪ್ರಾಣಿಯ ಹೆಸರನ್ನು ಮಗು ಮರೆಯಲಾರದು ಎಂಬುದು ಕಾತ್ಯಾಯಿನಿಯವರ ಸಿದ್ಧಾಂತ.

ಮೊದಲ ಪಾಠ ಪ್ರಪಂಚದ ಮಳೆಕಾಡುಗಳ ಪ್ರಾಣಿಗಳು. ಕಾಡಿನಂಚಿನ ಬುಡಕಟ್ಟು ಹಾಡಿಯ ಮಕ್ಕಳಿಗೆ ಇದಕ್ಕಿಂತ ಒಪ್ಪುವ ಪಾಠ ಯಾವುದಿದ್ದೀತು ಎಂದೇ ಅವರು ಬೆಟ್ಟದ ಮೇಲಿನ ಈ ಶಾಲೆಯನ್ನು ಆರಿಸಿಕೊಂಡಿದ್ದರು. ಎರಡು ದಿನ ಹಕ್ಕಿ, ಕಪ್ಪೆ, ಚಿಟ್ಟೆಗಳ ಸಂತೆಯೇ ನೆರೆಯಿತು. ಮೂರನೆಯ ದಿನ ಬೊಮ್ಮಿ, "ಜಾಗ್ವಾರ್" ಎಂದಳು. ಮೈತುಂಬ ಚುಕ್ಕೆಯ ಮೃಗವೊಂದು ಕರಿಹಲಗೆಯ ಹಿಂದಿನಿಂದ ನಡೆದುಬಂದು, ಎಂಟು ವರ್ಷದ ಆ ಹುಡುಗಿಯನ್ನು ನೋಡಿ ಆಕಳಿಸಿತು.

ನಾಲ್ಕನೆಯ ದಿನದಿಂದ ಮಕ್ಕಳ ಬಾಯಿಗೆ ಬೀಗ ಬಿತ್ತು.

ಏಳರಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಶುಕ್ರವಾರದ ಪರೀಕ್ಷೆಯಲ್ಲಿ ನುಡಿಮೂರ್ತಿ ಎಲ್ಲರಿಗೂ ಸೊನ್ನೆ ಹಾಕಿ ಜಿಲ್ಲಾ ಕಚೇರಿಗೆ ಕಳಿಸಿತು. ಮೂರು ಶುಕ್ರವಾರ ಸೊನ್ನೆ ಬಂದರೆ ಮಗುವನ್ನು ಊರು ಬಿಡಿಸಿ ಪಟ್ಟಣದ ವಸತಿಶಾಲೆಗೆ ಸೇರಿಸಬೇಕೆಂಬುದು ನಿಯಮ. ಎರಡು ಶುಕ್ರವಾರಗಳು ಹಾಗೆಯೇ ಕಳೆದವು.

"ನಿಯಮ ನೀವೇ ಬರೆದದ್ದಲ್ವಾ ಮೇಡಂ? ಸ್ವಲ್ಪ ತಿದ್ದಿ" ಎಂದರು ಶಾಲೆಯ ಏಕೈಕ ಮೇಷ್ಟ್ರು ದೊರೆಸ್ವಾಮಿ. "ಈ ಬೊಮ್ಮಿಗೆ ಅಪ್ಪ ಅಮ್ಮ ಇಲ್ಲ. ಅಜ್ಜಿ ಬಿಟ್ಟು ಒಂದು ದಿನ ಇದ್ದೋಳಲ್ಲ."

"ಒಂದು ಶಾಲೆಗೋಸ್ಕರ ತಿದ್ದಿದರೆ ಅದು ವಿಜ್ಞಾನ ಹೇಗಾಗುತ್ತೆ ಮೇಷ್ಟ್ರೇ? ಕಾರಣ ಹುಡುಕೋಣ" ಎಂದರು ಕಾತ್ಯಾಯಿನಿ. ಅವರಿಗೆ ಅದು ಕರುಣೆಯ ಪ್ರಶ್ನೆಯಾಗಿರಲಿಲ್ಲ, ಕುತೂಹಲದ ಪ್ರಶ್ನೆಯಾಗಿತ್ತು. ಶಾಲೆಯ ಹೊರಗೆ ಪಟಪಟ ಮಾತಾಡುವ ಹುಡುಗಿ ಯಂತ್ರದ ಮುಂದೆ ಮಾತ್ರ ಏಕೆ ಮೂಕಿಯಾಗುತ್ತಾಳೆ?

ಕಾರಣ ಹುಡುಕಿಕೊಂಡು ಅವರು ಹಾಡಿಗೆ ಹೋದರು. ಬೊಮ್ಮಿಯ ಅಜ್ಜಿ ಕೇತಮ್ಮ ಜಗಲಿಯ ಮೇಲೆ ಸೀಗೆಕಾಯಿ ಬಿಡಿಸುತ್ತ ಕುಳಿತಿದ್ದರು. ಬಂದವರಿಗೆ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ಆಮೇಲೆ ಬಾಯಿ ಬಿಟ್ಟರು.

"ಕಾಡ್ಗ ಹೋದಾಗ ನಾವು ದೊಡ್ಡವರ ಹೆಸ್ರ ಹೇಳಕಿಲ್ಲ ತಾಯಿ. ಪಟ್ಟೆಯವನು ಅಂತೀವಿ, ಸೊಂಡ್ಲವನ್ನ ದೊಡ್ಡಯ್ಯ ಅಂತೀವಿ. ಹೆಸ್ರ ಹಿಡ್ದು ಕೂಗಿದ್ರ ಕರದಂಗೆ ಅಲ್ವಾ? ಕರದ್ರ ಬತ್ತರ."

"ಅದು ಬರೀ ನಂಬಿಕೆ ಅಲ್ವಾ ಅಜ್ಜಿ?"

ಕೇತಮ್ಮ ನಕ್ಕರು. "ನಮ್ಮ ಮಕ್ಕಳೂ ಅಂಗೇ ಅಂತಿದ್ದೊ. ಅಜ್ಜೀಗ ಅರಳುಮರಳು ಅಂತ ನಗ್ತಿದ್ದೊ. ಈಗ ನೀವೇ ತೋರ್ಸ್‌ಬುಟ್ರಲ್ಲ! ಹೆಸ್ರ ಹೇಳದ್ಲು, ಚುಕ್ಕೆಯವನು ಎದುರ್ಗೇ ಬಂದ. ಇನ್ಯಾವ ಮಗ ಬಾಯಿ ಬುಟ್ಟಾದು?"

ಕಾತ್ಯಾಯಿನಿ ಲೋಟ ಕೆಳಗಿಟ್ಟರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಲೆಮಾರುಗಳಿಂದ ಯಾರೂ ಸಾಧಿಸಿ ತೋರಿಸದಿದ್ದ ನಂಬಿಕೆಯನ್ನು ಅವರ ಯಂತ್ರ ಮಕ್ಕಳ ಕಣ್ಣೆದುರೇ ಸಾಧಿಸಿ ತೋರಿಸಿತ್ತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು.

ಆದರೆ ವಿಜ್ಞಾನಿ ಸುಮ್ಮನೆ ಕೂರುವ ಜಾತಿಯಲ್ಲ. ಮೂರನೆಯ ಶುಕ್ರವಾರಕ್ಕೆ ಇನ್ನೆರಡೇ ದಿನ ಉಳಿದಿತ್ತು. ಅವರು ನುಡಿಮೂರ್ತಿಯನ್ನು ಬಿಚ್ಚಿ ಅದರ ನಡವಳಿಕೆಯನ್ನೇ ತಿರುವುಮುರುವು ಮಾಡಿದರು. ಇನ್ನು ಮೇಲೆ ಪ್ರಾಣಿ ಮೊದಲೇ ಬಂದು ನಿಂತಿರುತ್ತದೆ. ಅದರ ಇಂಗ್ಲಿಷ್ ಹೆಸರನ್ನು ಸರಿಯಾಗಿ ಹೇಳಿದರೆ ತಲೆ ತಗ್ಗಿಸಿ ಹೊರಟುಹೋಗುತ್ತದೆ.

ಮರುದಿನ ಕೋಣೆಯಲ್ಲಿ ಚುಕ್ಕೆಯ ಮೃಗ ನಿಂತಿದ್ದನ್ನು ಕಂಡು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೊಮ್ಮಿ ಬೆಂಚಿನ ಅಂಚನ್ನು ಹಿಡಿದುಕೊಂಡು, "ಜಾಗ್ವಾರ್" ಎಂದು ಪಿಸುಗುಟ್ಟಿದಳು. ಮೃಗ ಬಾಲ ಮುದುರಿ ಕರಿಹಲಗೆಯ ಹಿಂದೆ ಹೋಯಿತು. ಅಷ್ಟೇ ಸಾಕಾಯಿತು. ಅಂದು ಸಂಜೆಯೊಳಗೆ ಟೇಪಿರ್, ಗೊರಿಲ್ಲಾ, ಎಲಿಫೆಂಟ್ ಎಲ್ಲವನ್ನೂ ಮಕ್ಕಳು ಕೋಣೆಯಿಂದ ಅಟ್ಟಿಬಿಟ್ಟರು. ಶುಕ್ರವಾರ ಬೊಮ್ಮಿಗೆ ನೂರಕ್ಕೆ ನೂರು ಬಂತು. ಇನ್ನು ಅವಳನ್ನು ಯಾರೂ ಊರು ಬಿಡಿಸುವಂತಿರಲಿಲ್ಲ.

ಸೋಮವಾರ ಬೆಳಗ್ಗೆ ಕಾತ್ಯಾಯಿನಿ ತಾವೇ ಹಾಡಿಗೆ ಹೋಗಿ ಕೇತಮ್ಮನಿಗೆ ಈ ಸುದ್ದಿ ಹೇಳಿದರು. ಮುದುಕಿಗೆ ಎಷ್ಟು ಖುಷಿಯಾಯಿತೆಂದರೆ ಮೊಮ್ಮಗಳನ್ನು ಶಾಲೆಗೆ ಬಿಡಲು ತಾವೂ ಹೊರಟರು. ಬಿದಿರು ಮೆಳೆಯ ತಿರುವಿನಲ್ಲಿ, ಮೂವತ್ತು ಹೆಜ್ಜೆ ದೂರದಲ್ಲಿ, ದಾರಿಗೆ ಅಡ್ಡವಾಗಿ ಆನೆಯೊಂದು ನಿಂತಿತ್ತು. ಬೆಳಕಿನದ್ದಲ್ಲ, ಮಣ್ಣು ಮೆತ್ತಿಕೊಂಡ ನಿಜವಾದ ಒಂಟಿ ಸಲಗ.

ಕೇತಮ್ಮ ಉಸಿರೆತ್ತದೆ ಕೈ ಚಾಚಿ ಕಾತ್ಯಾಯಿನಿಯನ್ನು ತಡೆದರು. ಬೊಮ್ಮಿ ಮಾತ್ರ ನಿಲ್ಲಲಿಲ್ಲ. ಚೀಲ ಸರಿಮಾಡಿಕೊಂಡು ನಾಲ್ಕು ಹೆಜ್ಜೆ ಮುಂದೆ ಹೋಗಿ, "ಎಲಿಫೆಂಟ್" ಎಂದಳು.

ಆನೆ ಕಿವಿ ಅಗಲಿಸಿತು.

ತಪ್ಪು ತನ್ನದೇ ಇರಬೇಕು ಎಂದುಕೊಂಡ ಹುಡುಗಿ ಇನ್ನೂ ಎರಡು ಹೆಜ್ಜೆ ಮುಂದೆ ಹೋಗಿ, ಇನ್ನೂ ಸ್ಪಷ್ಟವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಆನೆ ಸೊಂಡಿಲು ಸುರುಳಿ ಸುತ್ತಿ ಒಂದು ಹೆಜ್ಜೆ ಮುಂದಿಟ್ಟಿತು.

"ಬೊಮ್ಮೀ! ಆನೆ! ಆನೆ ಕನವ್ವ, ಓಡ್ ಬಾ!"

ಕೂಗಿದ್ದು ಕೇತಮ್ಮ. ಬೊಮ್ಮಿ ಸರಕ್ಕನೆ ತಿರುಗಿದಳು. ಅವಳು ಬೆಚ್ಚಿದ್ದು ಆನೆಗಲ್ಲ. ಹುಟ್ಟಿದಾಗಿನಿಂದ ಅಜ್ಜಿಯ ಬಾಯಲ್ಲಿ ಒಮ್ಮೆಯೂ ಕೇಳದಿದ್ದ ಆ ಮಾತಿಗೆ ಬೆಚ್ಚಿದಳು. ಅಜ್ಜಿಯೇ ಹೆಸರು ಹೇಳಿಬಿಟ್ಟಿದ್ದಾಳೆ ಎಂದರೆ ಏನೋ ಭಾರಿ ಕೆಟ್ಟದ್ದೇ ಆಗಿರಬೇಕೆಂದು, ಬಿದ್ದಂಬೀಳ ಓಡಿಬಂದು ಅಜ್ಜಿಯ ಸೀರೆಯೊಳಗೆ ಮುಖ ಹುದುಗಿಸಿದಳು. ಸಲಗ ಸ್ವಲ್ಪ ಹೊತ್ತು ನಿಂತಿದ್ದು, ಏನೆಂದುಕೊಂಡಿತೋ, ಮೆಳೆಯೊಳಗೆ ನುಗ್ಗಿ ಮರೆಯಾಯಿತು.

ಕೇತಮ್ಮ ದಾರಿಯಲ್ಲೇ ಕುಸಿದು ಕುಳಿತು ಅತ್ತರು. ಮಗು ಉಳಿದ ಸಂತೋಷಕ್ಕೆ ಎಂದುಕೊಂಡರು ಕಾತ್ಯಾಯಿನಿ. ಅಷ್ಟೇ ಆಗಿರಲಿಲ್ಲ.

"ಅರವತ್ ವರ್ಸ ಈ ದಾರೀಲಿ ತಿರುಗಿವ್ನಿ ತಾಯಿ. ಒಂದಿನ ಅವರ ಹೆಸ್ರ ಹಿಡಿದವಳಲ್ಲ. ಇವತ್ತು ಮುಖಕ್ಕೇ ಕೂಗ್‌ಬುಟ್ಟೆ."

ಮಗುವಿನ ಬಾಯಿ ಬಿಡಿಸಲೆಂದು ಮಾಡಿದ ಯಂತ್ರ ಕೊನೆಗೆ ಬಾಯಿ ಬಿಡಿಸಿದ್ದು ಈ ಮುದುಕಿಯದು. ಕಾತ್ಯಾಯಿನಿ ಮಂಡಿಯೂರಿ ಅವರ ಪಕ್ಕ ಕುಳಿತರು. "ತಪ್ಪು ನಿಮ್ಮದಲ್ಲ ಅಜ್ಜಿ, ನನ್ನದು" ಎಂದರು.

"ನಿಮ್ದಾದ್ರ ನೀವೇ ಮಾಪಿ ಕೇಳ್ಕಳಿ. ಇನ್ನಾ ದೂರ ಹೋಗಿಲ್ಲ, ಕೇಳ್ತದ."

ಡಾ. ಕಾತ್ಯಾಯಿನಿ ಮೆಳೆಯ ಕಡೆ ತಿರುಗಿ ಕೈಮುಗಿದರು. ಹೆಸರು ಬರೀ ಶಬ್ದ, ಅದು ಯಾವ ಪ್ರಾಣಿಯನ್ನೂ ಕರೆಯದು, ಕಳಿಸದು ಎಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. ಆ ಪ್ರಾಣಿಯ ಹೆಸರು ಅವರಿಗೆ ಆರು ಭಾಷೆಗಳಲ್ಲಿ ಗೊತ್ತಿತ್ತು. ಒಂದಾದರೂ ನಾಲಿಗೆಯ ಮೇಲೆ ಬರಲಿಲ್ಲ. ಒಳಗೆಲ್ಲೋ ಬಿದಿರು ಲಟಲಟ ಮುರಿಯಿತು.

"ದೊಡ್ಡಯ್ಯಾ, ತಪ್ಪಾಯ್ತು" ಎಂದರು.

ಅಜ್ಜಿಯ ಸೆರಗಿನಿಂದ ಬೊಮ್ಮಿ ಮುಖ ಹೊರಹಾಕಿದಳು. ಬಿಕ್ಕಳಿಕೆ ಇನ್ನೂ ನಿಂತಿರಲಿಲ್ಲ. "ಮಿಸ್ಸು ಹೆಸ್ರ ಹೇಳ್ನಿಲ್ಲ" ಎಂದಳು.

ಅಂದು ಮಧ್ಯಾಹ್ನ ಕಾತ್ಯಾಯಿನಿ ನುಡಿಮೂರ್ತಿಯನ್ನು ಗೋಡೆಯಿಂದ ಕಿತ್ತರು. ಇನ್ನು ಮುಂದೆ ಯಾವ ಶಾಲೆಯಲ್ಲೂ ಯಂತ್ರ ಅಂಕ ಹಾಕಕೂಡದು, ಆ ಕೆಲಸ ಮೇಷ್ಟ್ರಿಗೆ ಸೇರಿದ್ದು, ಮಾತಾಡದ ಮಗುವನ್ನು ಏನೂ ಬಾರದ ಮಗು ಎಂದು ಬರೆದು ಊರು ಬಿಡಿಸಕೂಡದು ಎಂದು ಜಿಲ್ಲಾ ಕಚೇರಿಗೆ ತಿದ್ದುಪಡಿ ಕಳಿಸಿದರು. ನಿಯಮ ಬದಲಿಸಲು ಕಾರಣವೇನು ಎಂದು ನಮೂನೆಯಲ್ಲಿ ಕೇಳಿತ್ತು. ಅಲ್ಲಿ ಅವರು, "ನನ್ನ ಸರದಿ ಬಂದಾಗ ನಾನೂ ಹೆಸರು ಹೇಳಲಿಲ್ಲ" ಎಂದು ಬರೆದು ಸಹಿ ಹಾಕಿದರು.