ತಾಯಿಯ ಗೋರಿಯ ಕೊಳವೆ

"ಯಾರ ಮೇಲಾದ್ರೂ ಸೀಸದ ತಗಡಲ್ಲಿ ಶಾಪ ಬರೆದಿದ್ರೆ ಈಗ್ಲೇ ಹೇಳಪ್ಪಾ. ತಗಡಿಗೆ ಹೊಡೆದ ಮೊಳೆ ಕಿತ್ತು ಬಾ. ಒಳಗೆ ಬಲಗೈ ಹಿಡಿದವರದೆಲ್ಲ ಒಂದೇ ಕೈ," ಎಂದರು ಹೆರ್ಮಿಯಸ್, ಮಿತ್ರದೇವನ ಗುಹೆಗುಡಿಯ ಹಿರಿಯರು.

ದೀಕ್ಷೆಗೆಂದು ಬಂದಿದ್ದ ಫೆಲಿಸಿಯೋ ನಕ್ಕ. "ಸೀಸ ಅಂದ್ರೆ ಬಲೆಗೆ ಕಟ್ಟೋ ಗುಂಡು, ಅಜ್ಜಾ. ಅದಕ್ಕೂ ಹೆದರ್ತೀರಾ?"

ಆಗಲೇ ದೀಕ್ಷೆ ಪಡೆದಿದ್ದ ಅಣ್ಣ ಸಿಲ್ವಾನಸ್ ಅವನ ಬೆನ್ನಿಗೊಂದು ಗುದ್ದಿದ. "ಮುಚ್ಚೋ ಬಾಯಿ. ಅಜ್ಜಾ, ಇವ್ನು ಹೊಸೆಯೋ ಹಗ್ಗಕ್ಕಿಂತ ಇವ್ನ ನಾಲಿಗೆ ಉದ್ದ. ಮನಸ್ಸು ಚಿನ್ನ. ಇವ್ನಿಗೆ ನಾನು ಹೊಣೆ."

ಒಸ್ತಿಯಾ ಬಂದರಿನ ಹಗ್ಗದ ಕೇರಿಯಲ್ಲಿ ಎಲ್ಲರೂ ಹೊಗಳುತ್ತಿದ್ದುದು ಅಣ್ಣನ ಕೈಯನ್ನೇ. ಅದನ್ನು ತಾಳಲಾರದೆ ಒಂಬತ್ತು ದಿನದ ಹಿಂದೆ ಫೆಲಿಸಿಯೋ ತಗಡಿನ ಮೇಲೆ ಅಣ್ಣನ ಹೆಸರು ಗೀಚಿ, 'ಬಲಗೈ ಒಣಗಲಿ, ನಾಲಿಗೆ ಕಟ್ಟಲಿ' ಎಂದು ಬರೆದು, ಮೊಳೆ ಹೊಡೆದು, ಸತ್ತವರು ಶಾಪ ನಡೆಸುತ್ತಾರೆಂಬ ನಂಬಿಕೆಯಿಂದ ತಾಯಿಯ ಗೋರಿಗೆ ಹಾಲೆರೆಯುವ ಕೊಳವೆಯೊಳಗೆ ಬಿಟ್ಟಿದ್ದ. ಅಣ್ಣನಿಗೆ ಏನೂ ಆಗಿರಲಿಲ್ಲ. ಶಾಪವೆಲ್ಲ ಸುಳ್ಳೆಂದುಕೊಂಡ. ಆದರೂ ಈಗ ಅಣ್ಣನ ಮುಖ ನೋಡಲಾಗದೆ ನೆಲ ನೋಡಿದ.

ಕಣ್ಣಿಗೆ ಬಟ್ಟೆ ಕಟ್ಟಿ ಅವನನ್ನು ಗುಹೆಯೊಳಗೆ ಇಳಿಸಿದರು. ಹಸಿಮಣ್ಣು, ಎಣ್ಣೆಹೊಗೆ, ಹಳೆಯ ನೆತ್ತರಿನ ವಾಸನೆ. ಕಾಗೆಯ ಮುಖವಾಡ ತೊಟ್ಟವನೊಬ್ಬ ಕಿವಿಯ ಬಳಿಯೇ ಕೂಗಿದ. ನೀರಿನ ಬದಲು ಜೇನು ಸುರಿದು ಅವನ ಕೈ ತೊಳೆದರು. ಬೆರಳಿಗೆ ಬೆರಳು ಅಂಟಿತು. ಆಮೇಲೆ ಒಂದು ಬಲಗೈ ಅವನ ಬಲಗೈ ಹಿಡಿಯಿತು. ಹಗ್ಗ ಹೊಸೆದು ದಡ್ಡುಗಟ್ಟಿದ ಕೈ. ಅಣ್ಣನದು.

ಅಂಗೈಯೊಳಗೆ ಮೊಳೆಯೊಂದು ಇಳಿದಂತಾಯಿತು. ತಣ್ಣಗೆ. ತೋಳಿಗೆ ಏರಿತು. ಗಂಟಲಿಗೆ ಬಂತು. ಕೂಗಹೋದ. ನಾಲಿಗೆ ಏಳಲಿಲ್ಲ.

ಬಟ್ಟೆ ಬಿಚ್ಚಿದಾಗ ಅವನ ಬಲಗೈ ನೆಂದ ಹಗ್ಗದಂತೆ ಜೋತಿತ್ತು. ಹೆರ್ಮಿಯಸ್ ಅವನ ಕಣ್ಣನ್ನೇ ನೋಡಿ, "ಬರೆದಿದ್ದೆಯಾ ಮಗಾ?" ಎಂದರು.

"ನನ್ನ ತಮ್ಮ ಅಂಥವನಲ್ಲ!" ಸಿಲ್ವಾನಸ್ ಸಿಡಿದ. "ಇವ್ನ ಮೇಲೇ ಯಾವ ಪಾಪಿಯೋ ಮಾಟ ಮಾಡಿದಾನೆ."

ಮರುದಿನ ಬೆಳಿಗ್ಗೆ ಅಣ್ಣ ರೊಟ್ಟಿ ನೆನೆಸಿ ತನ್ನ ಕೈಯಾರೆ ತಿನ್ನಿಸಿದ. ಫೆಲಿಸಿಯೋ ತುತ್ತು ಬಿಟ್ಟು ಎದ್ದ. ಎಡಗೈಯಿಂದ ಅಣ್ಣನನ್ನು ಗೋರಿಗೆ ಎಳೆದೊಯ್ದ. ಕೊಳವೆ ತೋರಿಸಿದ. ಅಗೆ ಎಂಬಂತೆ ಮಣ್ಣು ಕೆರೆದ.

ಸಿಲ್ವಾನಸನ ಕಣ್ಣು ತುಂಬಿತು. "ಗೊತ್ತಾಯ್ತು ಕಣೋ. ಅಮ್ಮಂಗೇ ಹೇಳು ಅಂತೀಯಾ. ನಾನೂ ಬರೆಸ್ಕೊಂಡೇ ಬಂದಿದೀನಿ." ಸೊಂಟದಿಂದ ಸೀಸದ ತಗಡು ತೆಗೆದು, ಬರೆಸಿದ್ದನ್ನು ಬಾಯಲ್ಲಿ ಹೇಳಿದ: "ನನ್ನ ತಮ್ಮನನ್ನು ಕಟ್ಟಿದವನಿಗೆ ಎಂದೆಂದೂ ಬಿಡುಗಡೆಯಾಗದಿರಲಿ."

ಫೆಲಿಸಿಯೋ ತಲೆ ಅಲ್ಲಾಡಿಸಿದ. ಅಣ್ಣನ ಕಾಲು ಹಿಡಿದ.

"ಅಳ್ಬೇಡ ಮಗಾ," ಎಂದು ಅವನ ತಲೆ ನೇವರಿಸುತ್ತ ಸಿಲ್ವಾನಸ್ ತಗಡನ್ನು ಕೊಳವೆಗೆ ಬಿಟ್ಟ.

ಆಳದಲ್ಲಿ ಸೀಸಕ್ಕೆ ಸೀಸ ತಾಗಿದ ಸದ್ದು ಫೆಲಿಸಿಯೋಗೆ ಕೇಳಿಸಿತು.